ಹದಿನೈದು ಸೆಕೆಂಡಿನ ಕರ್ಕಶ ಸದ್ದು, ಅದರೊಳಗೆ ಮಾವನ ಸರಳೆ ವರಸೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಹೆಡ್‌ಫೋನ್ ಹಾಕ್ಕೊಂಡಿದ್ರೆ ದಯವಿಟ್ಟು ಒಂದು ಕ್ಷಣ ವಾಲ್ಯೂಮ್ ಕಡಿಮೆ ಮಾಡಿ. ಈಗ ಕೇಳಿಸೋ ಸದ್ದು ಅಷ್ಟು ಹಿತವಾಗಿಲ್ಲ.

[ಸದ್ದು: ಉದ್ದನೆಯ ಒಂದೇ ಸ್ವರ, ಆಮೇಲೆ ಕರಕರ ಸದ್ದು]

ಕೇಳಿಸ್ತಾ? ನಲವತ್ತು ದಾಟಿದವರು ಯಾರಾದ್ರೂ ಪಕ್ಕದಲ್ಲಿದ್ರೆ 'ಇದು ಹಳೇ ಡಯಲ್‌ಅಪ್ ಇಂಟರ್‌ನೆಟ್ ಸದ್ದಲ್ವಾ' ಅಂತಾರೆ. ಅಲ್ಲ. ಇದೊಂದು ಕಂಪ್ಯೂಟರ್ ಪ್ರೋಗ್ರಾಂ. ಸಿಡಿ ಅಲ್ಲ, ಪೆನ್‌ಡ್ರೈವ್ ಅಲ್ಲ, ಸಿನಿಮಾ ಹಾಡು ಕೇಳ್ತಿದ್ದ ಅದೇ ಕ್ಯಾಸೆಟ್‌ನಲ್ಲಿ ಸದ್ದಾಗಿ ಕೂತಿರೋ ಪ್ರೋಗ್ರಾಂ. ಒಟ್ಟು ಸುಮಾರು ಹದಿನೈದು ಸೆಕೆಂಡ್. ಬರೆದದ್ದು ನನ್ನ ಸೋದರಮಾವ, ಕಾಲೇಜಲ್ಲಿದ್ದಾಗ. ಹೋದ ವರ್ಷ ಮೈಸೂರಿನ ಅಜ್ಜಿ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿದ್ದ ಬಿಸ್ಕತ್ತಿನ ಡಬ್ಬದಲ್ಲಿ ಇದು ಸಿಕ್ತು. ಒಂದು ಮಗ್ಗುಲಲ್ಲಿ ರೇಡಿಯೊದಿಂದ ರೆಕಾರ್ಡ್ ಮಾಡ್ಕೊಂಡ ಭಾವಗೀತೆಗಳು. ಇನ್ನೊಂದು ಮಗ್ಗುಲ ಚೀಟಿ ಮೇಲೆ ಪೆನ್ಸಿಲ್‌ನಲ್ಲಿ ಒಂದೇ ಪದ: 'ಸರಳೆ'.

ನನಗೆ ಮಿಕ್ಸಿಂಗ್ ಹುಚ್ಚು. ಕೆಲಸ ಬೇರೆ, ಇದು ರಾತ್ರಿ ಊಟ ಆದಮೇಲಿನ ಹವ್ಯಾಸ. ಲ್ಯಾಪ್‌ಟಾಪು, ಒಂದು ಆಡಿಯೊ ಇಂಟರ್‌ಫೇಸು, ಯೂಟ್ಯೂಬ್ ನೋಡಿ ಕಲಿತ ಅರ್ಧಂಬರ್ಧ ವಿದ್ಯೆ. ಈ ವಿದ್ಯೆ ಒಂದು ಹಳೇ ಪ್ರೋಗ್ರಾಮಿಗೆ ಜೀವ ಕೊಡೋಕೆ ಹೇಗೆ ಉಪಯೋಗಕ್ಕೆ ಬಂತು, ಎಲ್ಲಿ ಕೈಕೊಡ್ತು, ಅದೇ ಇವತ್ತಿನ ಮಾತು.

ಮೊದಲು ಸ್ವಲ್ಪ ಹಿನ್ನೆಲೆ. 1982ರಲ್ಲಿ ಬ್ರಿಟನ್ನಿನ ಕ್ಲೈವ್ ಸಿಂಕ್ಲೇರ್ ಕಂಪನಿ 'ಝಡ್‌ಎಕ್ಸ್ ಸ್ಪೆಕ್ಟ್ರಮ್' ಅನ್ನೋ ಮನೆ ಕಂಪ್ಯೂಟರ್ ತಂತು. ರಬ್ಬರ್ ಕೀಲಿಗಳು, ಪರದೆಗೆ ಮನೆಯ ಟಿವಿ, ಸ್ಟೋರೇಜ್‌ಗೆ ಮನೆಯ ಟೇಪ್ ರೆಕಾರ್ಡರ್. ದೊಡ್ಡ ಮಾದರಿಯಲ್ಲಿ ಮೆಮೊರಿ 48 ಕಿಲೋಬೈಟ್. ನೀವು ಫೋನಲ್ಲಿ ಕಳಿಸೋ ಒಂದು ಗುಡ್ ಮಾರ್ನಿಂಗ್ ಚಿತ್ರ ಅದರೊಳಗೆ ಹಿಡಿಸಲ್ಲ. 1984ರಲ್ಲಿ ಗಟ್ಟಿ ಕೀಬೋರ್ಡಿನ ಸ್ಪೆಕ್ಟ್ರಮ್ ಪ್ಲಸ್ ಬಂತು. ಅದನ್ನೇ ಪುಣೆಯ ಡೆಸಿಬೆಲ್ಸ್ ಕಂಪನಿ ನಮ್ಮ ದೇಶದಲ್ಲಿ 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಅಂತ ಮಾರ್ತು. ಅದೇ ಸುಮಾರಿಗೆ ಕೇಂದ್ರ ಸರ್ಕಾರ 'ಕ್ಲಾಸ್' ಅನ್ನೋ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡೋಕೆ ಶುರು ಮಾಡಿತ್ತು. ಮಾವನ ಸ್ನೇಹಿತರೊಬ್ಬರ ಮನೆಯಲ್ಲಿ ಸ್ಪೆಕ್ಟ್ರಮ್ ಪ್ಲಸ್ ಇತ್ತಂತೆ. ಭಾನುವಾರ ಬೆಳಿಗ್ಗೆ ಹೋದ್ರೆ ಮಧ್ಯಾಹ್ನ ಊಟಕ್ಕೆ ಯಾರಾದ್ರೂ ಕರೆಯೋವರೆಗೂ ಅಲ್ಲೇ.

ಈಗ ಕ್ಯಾಸೆಟ್ ವಿಷಯ. ಕಂಪ್ಯೂಟರ್‌ಗೆ ಬೇಕಾಗಿರೋದು ಸೊನ್ನೆ ಮತ್ತು ಒಂದು, ಅಷ್ಟೇ. ಸ್ಪೆಕ್ಟ್ರಮ್ ಏನ್ ಮಾಡುತ್ತೆ ಅಂದ್ರೆ, ಸೊನ್ನೆಗೆ ಒಂದು ಸಣ್ಣ ಅಲೆ, ಒಂದಕ್ಕೆ ಅದರ ಎರಡರಷ್ಟು ಅಗಲದ ಅಲೆ. ಸೊನ್ನೆಯ ಅಲೆ ಸುಮಾರು 2000 ಹರ್ಟ್ಜ್, ಒಂದರದ್ದು ಸುಮಾರು 1000. ಶುರುವಿನಲ್ಲಿ ಕೇಳಿದ ಉದ್ದನೆಯ ಸ್ವರ ಸುಮಾರು 807 ಹರ್ಟ್ಜ್. ಅದು 'ತಯಾರಾಗು, ಬರ್ತಾ ಇದ್ದೀನಿ' ಅಂತ ಕಂಪ್ಯೂಟರ್‌ಗೆ ಕೊಡೋ ಸೂಚನೆ. ಆಮೇಲಿನ ಕರಕರವೇ ಅಸಲಿ ಮಾಲು. ಸೆಕೆಂಡಿಗೆ ಸುಮಾರು 1400, 1500 ಬಿಟ್. ಮೆಮೊರಿ ತುಂಬೋವಷ್ಟು ದೊಡ್ಡ ಗೇಮ್ ಲೋಡ್ ಆಗೋಕೆ ಐದು ನಿಮಿಷ ಕಾಯಬೇಕಿತ್ತು.

ಪ್ರೋಗ್ರಾಂ ಅಂದ್ರೆ ಸದ್ದು ಅಂತಾದ್ಮೇಲೆ ಅದನ್ನ ರೇಡಿಯೊದಲ್ಲೂ ಹಾಕಬಹುದಲ್ವಾ? ಹಾಕಿದ್ರು! ಆಗಿನ ಯುಗೊಸ್ಲಾವಿಯಾದಲ್ಲಿ ವೋಯಾ ಆಂಟೋನಿಚ್ ಅನ್ನೋರು 'ಗಲಾಕ್ಸಿಯಾ' ಅಂತ ಮನೆಯಲ್ಲೇ ಕಟ್ಟಿಕೊಳ್ಳೋ ಕಂಪ್ಯೂಟರ್ ರೂಪಿಸಿದ್ರು. ಬೆಲ್‌ಗ್ರೇಡ್ ರೇಡಿಯೊದ 'ವೆಂಟಿಲೇಟರ್ 202' ಕಾರ್ಯಕ್ರಮದಲ್ಲಿ ನಿರೂಪಕ ಝೋರಾನ್ ಮೋಡ್ಲಿ ಪ್ರೋಗ್ರಾಮುಗಳ ಸದ್ದನ್ನೇ ಪ್ರಸಾರ ಮಾಡ್ತಿದ್ರು. ಕೇಳುಗರು ಮನೆಯಲ್ಲಿ ಟೇಪ್ ಮಾಡ್ಕೊಂಡು ಕಂಪ್ಯೂಟರ್‌ಗೆ ಹಾಕೋರು. ವೈಫೈ ಬರೋಕೆ ಎಷ್ಟೋ ವರ್ಷ ಮೊದಲೇ ಗಾಳಿಯಲ್ಲಿ ಡೌನ್‌ಲೋಡ್!

ಸರಿ, ನಮ್ಮ ಕ್ಯಾಸೆಟ್‌ಗೆ ಬರೋಣ. ಮೊದಲ ದಿನವೇ ನಾನು ತಪ್ಪು ಮಾಡಿದೆ. ಅದೇ ಅಟ್ಟದಲ್ಲಿ ಸಿಕ್ಕ ಹಳೇ ಟೇಪ್ ರೆಕಾರ್ಡರ್‌ಗೆ ಕ್ಯಾಸೆಟ್ ಹಾಕಿ ಪ್ಲೇ ಒತ್ತಿಬಿಟ್ಟೆ. ಒಳಗಿನ ಬೆಲ್ಟು ಅಂಟುಅಂಟಾಗಿತ್ತು, ರೋಲರ್ ಮೇಲೆ ಕೊಳೆ. ಹತ್ತು ಸೆಕೆಂಡಲ್ಲಿ ರೀಲು ಸಿಕ್ಕಾಕ್ಕೊಳ್ತು. ಬಿಡಿಸಿ, ಪೆನ್ನು ತೂರಿಸಿ ಸುತ್ತಿದಾಗ ನೋಡಿದ್ರೆ ಸುಮಾರು ಮೂರು ಸೆಂಟಿಮೀಟರ್ ಟೇಪು ಮುದುರಿಹೋಗಿದೆ.

ಮೂರು ಸೆಂಟಿಮೀಟರ್ ತಾನೇ ಅನ್ನಬಹುದು. ಲೆಕ್ಕ ಹಾಕಿ. ಕ್ಯಾಸೆಟ್ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತೆ. ಮೂರು ಸೆಂಟಿಮೀಟರ್ ಅಂದ್ರೆ ಅರ್ಧ ಸೆಕೆಂಡಿಗಿಂತ ಜಾಸ್ತಿ. ಹಾಡಲ್ಲಾದ್ರೆ ಒಂದು ಅಕ್ಷರ ನುಂಗಿದ ಹಾಗೆ, ಅರ್ಥ ಮಾಡ್ಕೊಂಡು ಮುಂದೆ ಹೋಗ್ತೀವಿ. ಇಲ್ಲಿ ನೂರಕ್ಕೂ ಹೆಚ್ಚು ಬೈಟ್ ಹೋಯ್ತು. ಕಂಪ್ಯೂಟರ್ ಅಂದಾಜು ಮಾಡಿ ಕೇಳಿಸ್ಕೊಳ್ಳಲ್ಲ. ಪ್ರತಿ ತುಂಡಿನ ಕೊನೆಗೆ ಒಂದು ತಾಳೆ ನೋಡೋ ಬೈಟ್ ಇರುತ್ತೆ. ಒಂದೇ ಒಂದು ಬಿಟ್ ತಪ್ಪಿದ್ರೂ ಲೆಕ್ಕ ತಾಳೆಯಾಗಲ್ಲ, ಪರದೆ ಮೇಲೆ 'ಟೇಪ್ ಲೋಡಿಂಗ್ ಎರರ್' ಅಂತ ಬಂದು ನಿಲ್ಲುತ್ತೆ.

ಮಾವನಿಗೆ ಫೋನ್ ಮಾಡಿ ಹೇಳೋಕೆ ನಾಚಿಕೆ ಆಯ್ತು. ಆದ್ರೂ ಹೇಳಿದೆ. ಅವರು, 'ಹೋಗ್ಲಿ ಬಿಡೇ, ಅದ್ರಲ್ಲೇನಿದೆ, ಹುಡುಗಾಟದ್ದು' ಅಂದ್ರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಕೇಳಿದ್ರು: 'ಮುಂದಕ್ಕೆ ಓಡಿಸಿ ನೋಡಿದ್ಯಾ? ನಾವೆಲ್ಲ ಎರಡೆರಡು ಸಲ ಸೇವ್ ಮಾಡ್ತಿದ್ವಿ.'

ಎರಡನೇ ಪ್ರತಿ ಇತ್ತು!

ಈ ಸಲ ದುಡುಕಲಿಲ್ಲ. ಒಬ್ಬ ಸ್ನೇಹಿತನಿಂದ ಒಳ್ಳೆ ಸ್ಥಿತಿಯ ಕ್ಯಾಸೆಟ್ ಡೆಕ್ ತಂದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಹೆಡ್ ಒರೆಸಿ ಒಣಗಿಸಿದೆ. ಮೊದಲು ಯಾವುದೋ ಬೇಡದ ಕ್ಯಾಸೆಟ್ ಓಡಿಸಿ ಪರೀಕ್ಷೆ. ಆಮೇಲೆ ಡೆಕ್‌ನ ಲೈನ್ ಔಟ್‌ನಿಂದ ನೇರ ಇಂಟರ್‌ಫೇಸಿಗೆ ವೈರು. ದಯವಿಟ್ಟು ಸ್ಪೀಕರ್ ಮುಂದೆ ಫೋನ್ ಹಿಡಿದು ರೆಕಾರ್ಡ್ ಮಾಡ್ಬೇಡಿ. ಕೋಣೆಯ ಫ್ಯಾನು, ಗೋಡೆಯ ಪ್ರತಿಧ್ವನಿ ಎಲ್ಲಾ ಸೇರ್ಕೊಳ್ಳುತ್ತೆ. 44.1 ಕಿಲೋಹರ್ಟ್ಜ್, 16 ಬಿಟ್, ವೇವ್ ಫೈಲ್. ಎಂಪಿ3 ಬೇಡವೇ ಬೇಡ. ಎಂಪಿ3 ಮನುಷ್ಯರ ಕಿವಿಗೆ ಬೇಡವಾದ್ದನ್ನ ತೆಗೆದುಹಾಕಿ ಫೈಲ್ ಸಣ್ಣದು ಮಾಡುತ್ತೆ. ಇಲ್ಲಿ ಕೇಳಿಸ್ಕೊಳ್ಳೋದು ಮನುಷ್ಯರಲ್ಲವಲ್ಲ.

ಮಿಕ್ಸಿಂಗ್ ಮಾಡೋರಿಗೆ ಇಲ್ಲಿ ಒಂದು ಪಾಠ ಇದೆ. ನಮ್ಮ ಕೈ ಸುಮ್ನಿರಲ್ಲ. ಸದ್ದು ಕೇಳಿದ ತಕ್ಷಣ ನಾಯ್ಸ್ ರಿಡಕ್ಷನ್ ಹಾಕೋಣ, ಕಂಪ್ರೆಸರ್ ಹಾಕೋಣ ಅನ್ಸುತ್ತೆ. ನಾನೂ ಹಾಕಿದೆ. ಕಿವಿಗೆ ಎಷ್ಟೋ ಚೆನ್ನಾಗಾಯ್ತು, ಆದ್ರೆ ಲೋಡ್ ಆಗೋದು ಇನ್ನೂ ಕೆಟ್ಟೋಯ್ತು. ಯಾಕಂದ್ರೆ ಸ್ಪೆಕ್ಟ್ರಮ್ ಸದ್ದಿನ ಇಂಪು ನೋಡಲ್ಲ, ಜೋರು ನೋಡಲ್ಲ. ಅಲೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತಿರುಗೋ ಅಂಚುಗಳ ನಡುವೆ ಎಷ್ಟು ಹೊತ್ತು ಹೋಯ್ತು ಅಂತ ಮಾತ್ರ ಅಳೆಯುತ್ತೆ. ಅಂಚು ಮಸುಕು ಮಾಡೋ ಯಾವ ಎಫೆಕ್ಟೂ ಶತ್ರುನೇ.

ನಿಜವಾಗಿ ಕೆಲಸಕ್ಕೆ ಬಂದದ್ದು ಎರಡು. ಒಂದು, ಟೇಪ್ ಹೆಡ್‌ನ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತೆ. ಅದು ಹೆಡ್‌ನ ಓರೆಯನ್ನ ಸರಿಮಾಡೋದು, ಅಜಿಮತ್ ಅಂತಾರೆ. ಅವತ್ತು ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ಓರೆ ಇತ್ತೋ ಅಷ್ಟಕ್ಕೆ ನಮ್ಮದನ್ನೂ ಹೊಂದಿಸಬೇಕು. ತಿರುಗಿಸ್ತಾ ಇದ್ದ ಹಾಗೆ ಸದ್ದು ಕಂಬಳಿಯೊಳಗಿಂದ ಹೊರಗೆ ಬಂದ ಹಾಗೆ ಚುರುಕಾಗುತ್ತೆ, ಅಲ್ಲಿ ನಿಲ್ಲಿಸಿ. ಎರಡು, ಸ್ಟೀರಿಯೊದ ಎಡ-ಬಲ ಎರಡನ್ನೂ ಕೂಡಿಸ್ಬೇಡಿ. ಹೆಡ್ ಚೂರು ಓರೆ ಇದ್ರೂ ಎಡ-ಬಲಗಳು ಒಂದಕ್ಕೊಂದು ಹಿಂದೆಮುಂದೆ ಆಗಿ, ಕೂಡಿಸಿದಾಗ ಚೂಪಾದ ಅಂಚುಗಳೇ ಅಳಿಸಿಹೋಗುತ್ತೆ. ಚೆನ್ನಾಗಿರೋ ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಟ್ಬಿಡಿ.

ಇಷ್ಟಾದ್ರೂ ಎರಡನೇ ಪ್ರತಿ ಲೋಡ್ ಆಗ್ಲಿಲ್ಲ. ಅದರ ಕೊನೆಯಲ್ಲಿ ಒಂದು ಕಡೆ ಟೇಪಿನ ಲೇಪ ಕಿತ್ತುಹೋಗಿ ಸದ್ದೇ ಮಾಯ. ಮೊದಲ ಪ್ರತಿಯಲ್ಲಿ ಆ ಕೊನೆ ಚೆನ್ನಾಗಿದೆ, ಶುರುವೇ ಮುದುರಿದೆ.

ಗಾಯಕರ ಜೊತೆ ಕೆಲಸ ಮಾಡಿದೋರಿಗೆ ಇದು ಹೊಸ ಸಮಸ್ಯೆ ಅಲ್ಲ. ಪಲ್ಲವಿ ಮೂರನೇ ಟೇಕ್‌ನಲ್ಲಿ ಚೆನ್ನಾಗಿದೆ, ಚರಣ ಐದನೇ ಟೇಕ್‌ನಲ್ಲಿ ಚೆನ್ನಾಗಿದೆ ಅಂದ್ರೆ ಎರಡನ್ನೂ ಸೇರಿಸಿ ಒಂದು ಮಾಡ್ತೀವಿ. ಕಾಂಪಿಂಗ್ ಅಂತೀವಿ. ಅದನ್ನೇ ಇಲ್ಲೂ ಮಾಡಿದೆ. ಆಡಾಸಿಟಿಯಲ್ಲಿ ಎರಡೂ ಪ್ರತಿಗಳನ್ನ ಮೇಲೆ ಕೆಳಗೆ ಇಟ್ಟು, ಒಂದೊಂದು ಅಲೆ ಕಾಣೋವಷ್ಟು ಝೂಮ್ ಮಾಡಿದೆ. ಸಣ್ಣ, ಸಣ್ಣ, ಅಗಲ, ಸಣ್ಣ, ಅಗಲ, ಅಗಲ... ಎರಡರಲ್ಲೂ ಅದೇ ಸಾಲು ಸಿಗೋ ಜಾಗ ಹುಡುಕಬೇಕು. ಎರಡು ಸಂಜೆ ಹಿಡೀತು. ಹಾಡಿನ ಟೇಕ್ ಸೇರಿಸುವಾಗ ಬೆಸುಗೆ ಗೊತ್ತಾಗದಿರಲಿ ಅಂತ ಒಂದನ್ನ ಇಳಿಸ್ತಾ ಇನ್ನೊಂದನ್ನ ಏರಿಸ್ತೀವಿ. ಇಲ್ಲಿ ಹಾಗೆ ಮಾಡಿದ್ರೆ ಅಲೆಗಳು ಕಲಸಿಹೋಗ್ತವೆ. ಎರಡರಲ್ಲೂ ಅಲೆ ಸೊನ್ನೆ ಗೆರೆ ದಾಟೋ ಅದೇ ಬಿಂದುವಿನಲ್ಲಿ ಕತ್ತರಿಸಿ, ನೇರವಾಗಿ ಅಂಟಿಸ್ಬೇಕು. ಮೊದಲ ಅರ್ಧ ಎರಡನೇ ಪ್ರತಿಯಿಂದ, ಉಳಿದರ್ಧ ಮೊದಲನೆಯದರಿಂದ. ಒಟ್ಟು ಒಂದೇ ಬೆಸುಗೆ.

ಅಸಲಿ ಸ್ಪೆಕ್ಟ್ರಮ್ ನನ್ನ ಹತ್ರ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್, ಅಂದ್ರೆ ಆ ಕಂಪ್ಯೂಟರಿನ ಹಾಗೇ ನಡ್ಕೊಳ್ಳೋ ಸಾಫ್ಟ್‌ವೇರ್. ನಾನು ಬಳಸಿದ್ದು 'ಫ್ಯೂಸ್', ಉಚಿತ. ಫೈಲ್ ಕೊಟ್ಟು ಲೋಡ್ ಅಂದೆ. ಪರದೆಯ ಅಂಚಲ್ಲಿ ಕೆಂಪು-ತಿಳಿನೀಲಿ ಪಟ್ಟೆ, ಆಮೇಲೆ ನೀಲಿ-ಹಳದಿ ಪಟ್ಟೆ. ಪ್ರೋಗ್ರಾಂ ಹೆಸರು ಮೂಡ್ತು: ಸರಳೆ. ಕೊನೆಗೆ, ಕೆಳಗೆ 'ಓಕೆ'. ರನ್ ಒತ್ತಿದೆ.

[ಸದ್ದು: ಬೀಪ್ ಸ್ವರಗಳಲ್ಲಿ ಸ ರಿ ಗ ಮ ಪ ದ ನಿ ಸ]

ಮಾಯಾಮಾಳವಗೌಳ. ಸಂಗೀತ ಪಾಠಕ್ಕೆ ಹೋದೋರೆಲ್ಲ ಮೊದಲು ಕಲಿಯೋ ಸರಳೆ ವರಸೆ.

ಆ ಕಂಪ್ಯೂಟರ್‌ನಲ್ಲಿ 'ಬೀಪ್' ಅಂತ ಒಂದು ಆಜ್ಞೆ ಇದೆ. ಅದಕ್ಕೆ ಎರಡು ಸಂಖ್ಯೆ ಕೊಡ್ಬೇಕು: ಎಷ್ಟು ಸೆಕೆಂಡ್, ಯಾವ ಸ್ವರ. ಸೊನ್ನೆ ಅಂದ್ರೆ ಹಾರ್ಮೋನಿಯಂನ ಬಿಳಿ ಒಂದು, ಮಧ್ಯದ ಸಿ. ಅಲ್ಲಿಂದ ಒಂದೊಂದು ಮನೆಗೆ ಒಂದೊಂದು ಸಂಖ್ಯೆ. ಮಾವ ಬರೆದಿದ್ದು 0, 1, 4, 5, 7, 8, 11, 12. ಪ್ರತಿ ಸ್ವರಕ್ಕೂ ಅರ್ಧ ಸೆಕೆಂಡ್. ಬೀಪ್ ಮೊಳಗ್ತಿರೋವಾಗ ಆ ಕಂಪ್ಯೂಟರ್ ಬೇರೇನೂ ಮಾಡಲ್ಲ, ಸದ್ದು ಮಾಡೋಕೇ ಅದರ ಪೂರ್ತಿ ಶಕ್ತಿ ಬೇಕು. ಒಂದು ಸಲಕ್ಕೆ ಒಂದೇ ಸ್ವರ. ಇಂಥದ್ರಲ್ಲೂ ಟಿಮ್ ಫಾಲಿನ್ ಅನ್ನೋ ಇಂಗ್ಲಿಷ್ ಹುಡುಗ ಮೆಷಿನ್ ಕೋಡ್ ಬರೆದು ಹಲವು ಸ್ವರ ಒಟ್ಟಿಗೆ ಕೇಳೋ ಹಾಗೆ ಮಾಡಿದ್ದ. ಅದೇ 1982ರ ಕಮಡೋರ್ 64ಕ್ಕೆ ಬಾಬ್ ಯಾನಸ್ ರೂಪಿಸಿದ 'ಸಿಡ್' ಚಿಪ್ ಇತ್ತು, ಮೂರು ದನಿ, ಫಿಲ್ಟರ್ ಸಮೇತ. ರಾಬ್ ಹಬರ್ಡ್, ಮಾರ್ಟಿನ್ ಗಾಲ್ವೇ ಅಂಥೋರು ಅದಕ್ಕೆ ಕೂರಿಸಿದ ಗೇಮ್ ಸಂಗೀತವನ್ನ ಇವತ್ತಿಗೂ ಹವ್ಯಾಸಿಗಳು ರೀಮಿಕ್ಸ್ ಮಾಡ್ತಾರೆ. 'ಹೈ ವೋಲ್ಟೇಜ್ ಸಿಡ್ ಕಲೆಕ್ಷನ್' ಅನ್ನೋ ಸಂಗ್ರಹದಲ್ಲಿ ಇಂಥ ಹತ್ತಾರು ಸಾವಿರ ರಚನೆಗಳಿವೆ, ಕೂಡಿಸಿಟ್ಟದ್ದು ಹವ್ಯಾಸಿಗಳೇ.

ಸರಿ, ನಾನೂ ರೀಮಿಕ್ಸ್‌ಗೆ ಇಳಿದೆ. ಬೀಪ್‌ನದು ಚೌಕಾಕಾರದ ಅಲೆ, ಕಿವಿ ಚುಚ್ಚುತ್ತೆ. 4000 ಹರ್ಟ್ಜ್ ಮೇಲಿನದನ್ನ ಇಳಿಸಿದೆ. ಕೆಳಗೆ ತಂಬೂರಿ, ಪಕ್ಕದಲ್ಲಿ ಮೃದಂಗದ ಸ್ಯಾಂಪಲ್. ತಾಳ ಕೂರ್ತಿಲ್ಲ! ಅರ್ಧ ಸೆಕೆಂಡಿಗೊಂದು ಸ್ವರ ಅಂದ್ರೆ ನಿಮಿಷಕ್ಕೆ 120 ಸರಿಯಾಗಿ ಬರ್ಬೇಕು. ಆದ್ರೆ ಎರಡು ಬೀಪ್ ನಡುವೆ ಕಂಪ್ಯೂಟರ್ ಮುಂದಿನ ಸಾಲು ಓದ್ಕೊಳ್ಳೋಕೆ ಚೂರು ಸಮಯ ತಗೊಳ್ಳುತ್ತೆ. ಬರ್ತಾ ಬರ್ತಾ ಹಿಂದೆ ಬೀಳುತ್ತೆ. ನಾನು ಪ್ರತಿ ಸ್ವರ ಕತ್ತರಿಸಿ ಗೆರೆಗೆ ತಂದು ಕೂರಿಸಿದೆ. ಇನ್ನೊಂದು ವಿಷಯ ಕಂಡ್ತು: ಇಳಿಯುವಾಗ ನಿಷಾದ 11 ಅಲ್ಲ, 10 ಅಂತ ಇದೆ. ಟೇಪ್ ಕೆಟ್ಟು ಹೀಗಾಯ್ತೇನೋ ಅಂದ್ಕೊಂಡು ಅದನ್ನೂ 'ಸರಿ' ಮಾಡ್ದೆ. ರಿವರ್ಬ್, ಸಿಂಥ್, ಎಲ್ಲ ಸೇರಿ ಭರ್ಜರಿಯಾಯ್ತು. ಮಾವನ ಮನೆಗೆ ಹೋಗಿ ಹೆಡ್‌ಫೋನ್ ಹಾಕಿದೆ.

ಪೂರ್ತಿ ಕೇಳಿದ್ರು. ಹೆಡ್‌ಫೋನ್ ತೆಗೆದು ಹೇಳಿದ್ರು: 'ಚೆನ್ನಾಗಿದೆ ಕಣೇ. ಆದ್ರೆ ಇದ್ರಲ್ಲಿ ನಾನ್ ಬರೆದಿದ್ದು ಎಲ್ಲಿದೆ?'

ನನ್ನ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಎಮ್ಯುಲೇಟರ್ ತೆಗೆದು ಬರೀ ಪ್ರೋಗ್ರಾಂ ಓಡಿಸಿದೆ. ಮಾವ ಪರದೆ ನೋಡ್ತಾ ಕೂತ್ರು. ಇಳಿಯೋ ಸ್ವರ ಬಂದಾಗ ಕೈ ಎತ್ತಿ ನಗಾಡಿದ್ರು. 'ಅಯ್ಯೋ, ನಿಷಾದ ತಪ್ಪಿದೆ! ಅವತ್ತು ನಿಮ್ಮಮ್ಮ ಹೇಳಿದ್ಳು, ಅಣ್ಣ ಅಪಸ್ವರ ಬರ್ತಿದೆ ಅಂತ. ನಾನು ಕಂಪ್ಯೂಟರ್ ತಪ್ಪು ಮಾಡಲ್ಲ, ನಿನ್ನ ಕಿವಿ ಸರಿಯಿಲ್ಲ ಅಂತ ಜಗಳ ಆಡಿದ್ದೆ.'

ನಾನು ಯೋಚನೆ ಮಾಡಬೇಕಿತ್ತು. ಟೇಪಿನಲ್ಲಿ ಒಂದು ಬಿಟ್ ಕೆಟ್ಟಿದ್ರೂ ತಾಳೆ ಬೈಟ್ ಹಿಡಿದುಬಿಡ್ತಿತ್ತು, ಲೋಡೇ ಆಗ್ತಿರ್ಲಿಲ್ಲ. ಲೋಡ್ ಆಯ್ತು ಅಂದ್ರೆ ಆ 10 ಮಾವ ಟೈಪ್ ಮಾಡಿದ್ದೇ. ಯಂತ್ರದ ತಪ್ಪನ್ನ ನಾವು ಸರಿಮಾಡ್ಬಹುದು. ಬರೆದವರ ತಪ್ಪನ್ನ ಅವರನ್ನ ಕೇಳದೆ ಮುಟ್ಟಬಾರದು. 'ಸರಿ ಮಾಡ್ಲಾ ಮಾವ?' ಅಂದೆ. 'ಬೇಡ, ಇರ್ಲಿ. ನಿಮ್ಮಮ್ಮನಿಗೆ ಕೇಳಿಸು. ಅವಳು ಗೆದ್ಳು' ಅಂದ್ರು.

ಅಮ್ಮನಿಗೆ ಕೇಳಿಸಿದೆ. ಅವಳಿಗೆ ಆ ಜಗಳ ಮರೆತೇಹೋಗಿತ್ತು. ಎರಡು ಸಲ ಕೇಳಿ, 'ಹೌದಲ್ಲ, ತಪ್ಪು' ಅಂತ ಗುನುಗಿ ತೋರಿಸಿದ್ಳು. ಆ ಗುನುಗನ್ನೂ ರೆಕಾರ್ಡ್ ಮಾಡಿಟ್ಟಿದ್ದೀನಿ.

ಈಗ ನನ್ನ ಹತ್ರ ಮೂರು ಫೋಲ್ಡರ್ ಇದೆ. ಒಂದರಲ್ಲಿ ಕ್ಯಾಸೆಟ್‌ನಿಂದ ಬಂದ ಕಚ್ಚಾ ರೆಕಾರ್ಡಿಂಗ್, ಎರಡೂ ಪ್ರತಿ, ಮುದುರಿದ ಜಾಗದ ಸಮೇತ. ಎರಡನೆಯದರಲ್ಲಿ ಬೆಸುಗೆ ಹಾಕಿ ಲೋಡ್ ಆದ ಪ್ರತಿ, ಎಲ್ಲಿ ಕತ್ತರಿಸಿದೆ ಅನ್ನೋ ಟಿಪ್ಪಣಿ ಜೊತೆಗೆ. ಮೂರನೆಯದು ಮಿಕ್ಸ್. ಅದನ್ನ ಮತ್ತೆ ಮೊದಲಿಂದ ಮಾಡಿದೆ. ಈ ಸಲ ಬೀಪ್‌ನ ಕತ್ತರಿಸ್ಲಿಲ್ಲ, ಪ್ರಾಜೆಕ್ಟಿನ ಟೆಂಪೋವನ್ನೇ ಅದರ ನಡಿಗೆಗೆ ಹೊಂದಿಸ್ದೆ. ಮೃದಂಗ ಅದರ ಹಿಂದೆ ಹೋಗುತ್ತೆ.

ಒಂದು ಬದಲಾವಣೆ ಮಾತ್ರ ಮಾವನನ್ನ ಕೇಳಿ ಮಾಡಿದೆ, ಅದೂ ಪ್ರೋಗ್ರಾಮಿನ ಬೇರೆ ನಕಲಿನಲ್ಲಿ. ತಂಬೂರಿ ಜೊತೆ ಗಾಂಧಾರ ಉಜ್ಜಿದ ಹಾಗೆ ಕೇಳ್ತಿತ್ತು. ತಂಬೂರಿಯ ತಂತಿಯಲ್ಲಿ ತಾನಾಗೇ ಹುಟ್ಟೋ ಅಂತರ ಗಾಂಧಾರ, ಕೀಬೋರ್ಡಿನ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಕೆಳಗಿರುತ್ತೆ. ಆ ಹಳೇ ಬೀಪ್ ಆಜ್ಞೆ ದಶಾಂಶವನ್ನೂ ಒಪ್ಪುತ್ತೆ! 4 ಬದಲು 3.86 ಅಂತ ಹಾಕಿದೆ, ತಂಬೂರಿಯಲ್ಲಿ ಕರಗಿಹೋಯ್ತು. ಮಾವ, 'ಇದು ಅವತ್ತೇ ಗೊತ್ತಿದ್ದಿದ್ರೆ!' ಅಂದ್ರು.

ನಿಮ್ಮ ಮನೆ ಅಟ್ಟದಲ್ಲೂ ಇಂಥ ಡಬ್ಬ ಇರಬಹುದು. ಪ್ರೋಗ್ರಾಮೇ ಆಗಬೇಕಿಲ್ಲ, ಅಜ್ಜನ ದನಿಯ ಕ್ಯಾಸೆಟ್ ಆಗಿರಬಹುದು. ಮೊದಲು ನೋಡಿ: ರೀಲಿನ ಮೇಲೆ ಬೂಷ್ಟು, ಬಿಳಿ ಚುಕ್ಕೆ ಇದ್ರೆ ಓಡಿಸ್ಬೇಡಿ, ಗೊತ್ತಿರೋರಿಗೆ ತೋರಿಸಿ. ಪರೀಕ್ಷೆ ಮಾಡದ ಹಳೇ ಯಂತ್ರಕ್ಕೆ ಹಾಕ್ಬೇಡಿ, ನನ್ನ ಕಥೆ ಕೇಳಿದ್ರಲ್ಲ. ಲೈನ್ ಔಟ್‌ನಿಂದ ವೇವ್ ಫೈಲ್ ಆಗಿ ತಗೊಳ್ಳಿ, ಕಚ್ಚಾ ಪ್ರತಿಯನ್ನ ಎರಡು ಕಡೆ ಇಡಿ, ಆಮೇಲೆ ಎಷ್ಟು ಬೇಕಾದ್ರೂ ಮಿಕ್ಸ್ ಮಾಡಿ. ಬೇರೆಯವರ ಗೇಮ್, ಬೇರೆಯವರ ಹಾಡು ಆದ್ರೆ ಹಕ್ಕು ಅವರದು, ಹಂಚೋ ಮೊದಲು ಅನುಮತಿ ಕೇಳಿ.

ಮುಖ್ಯವಾಗಿ, ಬರೆದವರು, ಹಾಡಿದವರು ಹತ್ರ ಇದ್ರೆ ಈ ವಾರವೇ ಹೋಗಿ ಕೇಳಿ. ಎರಡು ಸಲ ಸೇವ್ ಮಾಡಿದ್ವಿ ಅನ್ನೋದು ಟೇಪಿನ ಚೀಟಿ ಮೇಲೆ ಬರೆದಿರ್ಲಿಲ್ಲ. ಅದು ಮಾವನ ತಲೆಯಲ್ಲಿ ಮಾತ್ರ ಇತ್ತು.

ಹೋಗೋ ಮೊದಲು ಮಾವನ ಸರಳೆ ಒಂದು ಸಲ, ತಂಬೂರಿ ಇಲ್ಲದೆ, ತಪ್ಪು ನಿಷಾದದ ಸಮೇತ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.

[ಸದ್ದು: ಬೀಪ್ ಸ್ವರಗಳಲ್ಲಿ ಸರಳೆ ವರಸೆ]